ಗೋಡೆಯ ಮೇಲಿನ ಸಿಬ್ಬಂದಿ

ಮನೆವಾಸಿ ಸಣ್ಣಜೀವಿಗಳ ನಿಯಂತ್ರಣ ಇಲಾಖೆಯ ನಮ್ಮ ಶಾಖೆಯಲ್ಲಿ ಬಹುಕಾಲದಿಂದ ಖಾಲಿ ಬಿದ್ದಿದ್ದ 'ಸೊಳ್ಳೆ ನಿಗ್ರಹ ಸಹಾಯಕ' ಹುದ್ದೆಯನ್ನು ಒಂದು ಹಲ್ಲಿಯಿಂದ ಭರ್ತಿ ಮಾಡಲಾಯಿತು. ಈ ನೇಮಕಾತಿ ಸಂಪೂರ್ಣ ನಿಯಮಬದ್ಧವಾಗಿತ್ತು. ಹೊರಗಡೆ ಕೆಲವರು ಇದರ ಬಗ್ಗೆ ಏನೇನೋ ಆಡಿಕೊಳ್ಳುತ್ತಿರುವುದರಿಂದ ಶಾಖೆಯ ಟಿಪ್ಪಣಿ ಗುಮಾಸ್ತನಾದ ನಾನು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನನಗೆ ಸ್ವಂತ ಅಭಿಪ್ರಾಯವಿಲ್ಲ. ಇಟ್ಟುಕೊಳ್ಳಲು ಮೇಲಿನವರ ಅನುಮತಿ ಬೇಕು, ಅರ್ಜಿ ಹಾಕಿದ್ದೇನೆ.

ಜನರ ಮನೆಗಳಲ್ಲಿ ಸೊಳ್ಳೆ, ಜಿರಲೆ, ಇರುವೆ, ತಿಗಣೆ ಮುಂತಾದವು ಮಿತಿಮೀರದಂತೆ ನೋಡಿಕೊಳ್ಳುವುದು ನಮ್ಮ ಇಲಾಖೆಯ ಕರ್ತವ್ಯ. ಕಚೇರಿ ಯಾರ ಮನೆಯೂ ಅಲ್ಲವಾದ್ದರಿಂದ ಅಲ್ಲಿ ಅವು ನೆಮ್ಮದಿಯಾಗಿದ್ದವು. ದಾಖಲೆ ಕೋಣೆಯಲ್ಲಿ ಬೆಳ್ಳಿಬಣ್ಣದ ಸಣ್ಣ ಹುಳುಗಳು ಹಳೆಯ ಕಡತಗಳನ್ನು ತಿನ್ನುತ್ತಿದ್ದವು. ಕಡತ ವಿಲೇವಾರಿಯಲ್ಲಿ ಅವುಗಳನ್ನು ಮೀರಿಸಿದವರು ನಮ್ಮಲ್ಲಿ ಇರಲಿಲ್ಲ. ದೂರು ಪೆಟ್ಟಿಗೆಯೊಳಗೆ ಒಂದು ಜಿರಲೆ ಸಂಸಾರವಿತ್ತು. ಪೆಟ್ಟಿಗೆಯ ಕೀಲಿ ಕಳೆದುಹೋಗಿದೆ ಎಂಬ ದೂರನ್ನು ಅದೇ ಪೆಟ್ಟಿಗೆಗೆ ಹಾಕಿದ್ದರಿಂದ ಅದನ್ನು ತೆರೆಯುವ ಪ್ರಶ್ನೆ ಬಂದಿರಲಿಲ್ಲ. ಸಾಹೇಬರ ಬಾಗಿಲ ಮೇಲೊಂದು ಜೇಡ, ಸಕ್ಕರೆ ಡಬ್ಬಿಯಿಂದ ಕಿಟಕಿಯವರೆಗೆ ಇರುವೆ ಸಾಲು, ನಡುಕೋಣೆಯ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ. ಬೆಳಕಿಗೆ ಪತಂಗ ಬರುತ್ತಿತ್ತು, ಪತಂಗಕ್ಕೆ ಹಲ್ಲಿ ಬರುತ್ತಿತ್ತು, ಹಲ್ಲಿ ಉದುರಿಸಿದ ರೆಕ್ಕೆಗೆ ಇರುವೆ ಬರುತ್ತಿತ್ತು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುತ್ತಿರಲಿಲ್ಲ. ಇಂಥ ಹೊಂದಾಣಿಕೆ ನಮ್ಮ ಇಲಾಖೆಯ ಯಾವ ಎರಡು ವಿಭಾಗಗಳ ನಡುವೆಯೂ ಇಲ್ಲ.

ಇವರೆಲ್ಲರ ಹಿಂದೆ ಗುಡಿಸುತ್ತಿದ್ದವಳು ಅಕ್ಕ. ದಿನಗೂಲಿಯವಳು. ಸಾಹೇಬರಿಗಿಂತ ಚಿಕ್ಕವಳಾದರೂ ಸಾಹೇಬರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಬೇರೆ ಹೆಸರು ಕೇಳುವ ಸಂದರ್ಭ ಯಾರಿಗೂ ಬಂದಿರಲಿಲ್ಲ. ಗುಡಿಸುವುದರ ಜೊತೆಗೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಕಾರಿಡಾರಿನಲ್ಲಿ ಬೆಂಕಿ ಆರಿಸಲು ಕೆಂಪು ಬಕೆಟುಗಳನ್ನು ಸಾಲಾಗಿ ತೂಗುಹಾಕಿದ್ದರು. ಅವು ಸದಾ ತುಂಬಿರತಕ್ಕದ್ದು ಎಂದು ಅಗ್ನಿಶಾಮಕ ನಿಯಮ. ನೀರು ನಿಲ್ಲಲು ಬಿಡತಕ್ಕದ್ದಲ್ಲ ಎಂದು ನಮ್ಮದೇ ಇಲಾಖೆಯ ನಿಯಮ. ಈ ಎರಡು ನಿಯಮಗಳ ನಡುವಿನ ಪತ್ರವ್ಯವಹಾರ ಬಹಳ ವರ್ಷಗಳಿಂದ ನಡೆಯುತ್ತಿತ್ತು. ಅದರ ನಡುವೆ ಅಕ್ಕ ದಿನಾ ಬೆಳಿಗ್ಗೆ ಬಂದವಳೇ ಬಕೆಟುಗಳ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿಬಿಡುತ್ತಿದ್ದಳು. ಹಾಗಾಗಿ ನಮ್ಮ ಶಾಖೆಯಲ್ಲಿ ಸೊಳ್ಳೆ ಇರಲಿಲ್ಲ. ಯಾಕೆ ಇಲ್ಲವೆಂದು ನಾವು ಯಾರೂ ಯೋಚಿಸಿರಲಿಲ್ಲ, ಇಲ್ಲದ ಸೊಳ್ಳೆಯ ಬಗ್ಗೆ ಯೋಚಿಸುವುದು ನಮ್ಮ ಕರ್ತವ್ಯದಲ್ಲಿ ಬರುವುದಿಲ್ಲ.

ಅಕ್ಕನಿಗೆ ಮಂಡಿ ನೋವು. ಆದರೆ ನಮ್ಮಲ್ಲಿ ಕುರ್ಚಿ ಕೊಡುವುದು ಮನುಷ್ಯರಿಗಲ್ಲ, ಮಂಜೂರಾದ ಹುದ್ದೆಗಳಿಗೆ. ದಿನಗೂಲಿಗೆ ಹುದ್ದೆ ಇಲ್ಲ, ಆದ್ದರಿಂದ ಕುರ್ಚಿ ಇಲ್ಲ. ಅವಳು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮೆಟ್ಟಿಲು ಕಟ್ಟಡ ಇಲಾಖೆಗೆ ಸೇರಿದ್ದರಿಂದ ನಮ್ಮದೇನೂ ಆಕ್ಷೇಪಣೆ ಇರಲಿಲ್ಲ. ಆ ವರ್ಷದ ಕೊನೆಗೆ ದಿನಗೂಲಿಯವರನ್ನೆಲ್ಲ ಬಿಡಿಸಬೇಕೆಂದು ಆದೇಶ ಬಂದಿತ್ತು. ಸಾಹೇಬರು ಮಾತು ಕೊಟ್ಟಿದ್ದರು: "ಯೋಚ್ನೆ ಮಾಡ್ಬೇಡ ಅಕ್ಕ, ಆ ಸೊಳ್ಳೆ ಹುದ್ದೆ ಖಾಲಿ ಇದೆಯಲ್ಲ, ಅದಕ್ಕೆ ನಿನ್ನನ್ನೇ ಹಾಕಿಸ್ತೀನಿ." ಮನೆಯಲ್ಲಿ ಅವಳ ಅತ್ತೆ ಸಂಜೆ ಬಾಗಿಲಲ್ಲೇ ನಿಂತು "ಆಯ್ತೇನೇ ಕಾಯಂ?" ಎಂದು ಕೇಳುತ್ತಿದ್ದಳಂತೆ. ಅಕ್ಕ "ಆಗತ್ತೆ" ಎನ್ನುತ್ತಿದ್ದಳಂತೆ.

ಇಂಥ ಹೊತ್ತಿನಲ್ಲಿ ಕೇಂದ್ರ ಕಚೇರಿಯಿಂದ ತಪಾಸಣಾಧಿಕಾರಿಗಳು ಬಂದರು. ಅವರು ಬಂದವರೇ ಕುರ್ಚಿಯಲ್ಲಿ ಕೂತು, ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ, ಕಾಲು ಚಾಚಿ ಸೊಳ್ಳೆ ಕಚ್ಚಲೆಂದು ಬಹಳ ಹೊತ್ತು ಕಾದರು.

"ಏನ್ರೀ ಇದು," ಎಂದರು ಕೊನೆಗೆ. "ನಾನು ಹೋದ ಕಡೆಯೆಲ್ಲ ಕಚ್ಚಿಸ್ಕೊಂಡೇ ಬಂದಿರೋದು. ಇಲ್ಲಿ ಒಂದು ಸೊಳ್ಳೇನೂ ಇಲ್ವಲ್ಲ! ಯಾರು ಈ ಕೆಲಸ ಮಾಡ್ತಿರೋದು?"

ಸಾಹೇಬರು ಅಕ್ಕನ ಕಡೆ ನೋಡಿದರು. ಅಕ್ಕ ಪೊರಕೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಅವಳ ಮುಖದಲ್ಲಿ ಆಗಲೇ ಒಂದು ಸಣ್ಣ ನಗು ಮೂಡಿತ್ತು. ಆದರೆ ಗುಡಿಸುವುದಕ್ಕೆಂದು ನೇಮಿಸಿಕೊಂಡವಳಿಂದ ಬಕೆಟ್ ಖಾಲಿ ಮಾಡಿಸಿದ್ದು ಲೆಕ್ಕಪರಿಶೋಧಕರಿಗೆ ಗೊತ್ತಾದರೆ ಸಾಹೇಬರ ಬಡ್ತಿಗೆ ಕಲ್ಲು ಬೀಳುತ್ತಿತ್ತು. ಅವರ ನೋಟ ಅಕ್ಕನನ್ನು ದಾಟಿ ಗೋಡೆ ಹತ್ತಿತು. ಅದೇ ಕ್ಷಣಕ್ಕೆ ಅಧಿಕಾರಿಗಳ ಚೀಲದೊಳಗೆ ಕೂತು ಪ್ರಯಾಣ ಮಾಡಿ ಬಂದಿದ್ದ ಒಂದೇ ಒಂದು ಸೊಳ್ಳೆ ಟ್ಯೂಬ್‌ಲೈಟಿನ ಕಡೆ ಹಾರಿತು. ಹಲ್ಲಿ ಅದನ್ನು ಗಬಕ್ಕನೆ ಹಿಡಿಯಿತು.

"ಅವರು ಸಾರ್," ಎಂದರು ಸಾಹೇಬರು.

ಅಧಿಕಾರಿಗಳು ಕನ್ನಡಕ ಒರೆಸಿಕೊಂಡು ನೋಡಿದರು. "ಎಷ್ಟು ದಿನದಿಂದ ಇದಾರೆ?"

"ನಾನು ಈ ಶಾಖೆಗೆ ಬರೋಕ್ಕೆ ಮುಂಚಿಂದ ಇದಾರೆ ಸಾರ್."

"ರಜೆ ಗಿಜೆ?"

"ಒಂದು ದಿನ ತಗೊಂಡಿಲ್ಲ. ಹಬ್ಬ, ಭಾನುವಾರ ಅಂತ ನೋಡಲ್ಲ. ಟೀ ಕುಡಿಯೋಕ್ಕೂ ಕೆಳಗೆ ಇಳಿಯಲ್ಲ ಸಾರ್."

ಅಧಿಕಾರಿಗಳು ಪೆನ್ನು ತೆಗೆದು ತಪಾಸಣಾ ಪುಸ್ತಕದಲ್ಲಿ ಬರೆದರು: "ಸೊಳ್ಳೆ ನಿಗ್ರಹ ಸಹಾಯಕರು ಗೋಡೆಯ ಮೇಲೆ ಕರ್ತವ್ಯನಿರತರಾಗಿರುವುದನ್ನು ಖುದ್ದು ಕಂಡೆನು. ಕೆಲಸ ತೃಪ್ತಿಕರ."

ಇಲ್ಲಿ ನಮ್ಮ ಇಲಾಖೆಯ ಒಂದು ಪದ್ಧತಿಯನ್ನು ಹೇಳಬೇಕು. ತಪಾಸಣಾಧಿಕಾರಿಗಳು ಶಾಯಿಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಬರೆದದ್ದಕ್ಕೂ ವಸ್ತುಸ್ಥಿತಿಗೂ ವ್ಯತ್ಯಾಸ ಕಂಡುಬಂದಲ್ಲಿ ವಸ್ತುಸ್ಥಿತಿಯನ್ನು ತಿದ್ದತಕ್ಕದ್ದು. ಹಿಂದೆ ಒಬ್ಬ ಅಧಿಕಾರಿ ನಮ್ಮ ಕಚೇರಿಗೆ ಮೂರು ಬಾಗಿಲು ಎಂದು ಬರೆದುಹೋಗಿದ್ದರಿಂದ ನಾವು ನಾಲ್ಕನೆಯದನ್ನು ಮುಚ್ಚಿದ್ದೆವು. ಅದು ಶೌಚಾಲಯದ್ದು.

ಹೀಗಾಗಿ ವಾರದೊಳಗೆ ಹಲ್ಲಿಗೆ ನೇಮಕಾತಿ ಆದೇಶ ಹೊರಟಿತು. ಕಾಯಂ ನೌಕರರನ್ನು ಗೌರವದಿಂದ ಉಲ್ಲೇಖಿಸಬೇಕೆಂಬ ಸುತ್ತೋಲೆ ಇರುವುದರಿಂದ ನಾನೂ ಇನ್ನು ಮುಂದೆ ಅವರನ್ನು ಹಲ್ಲಿಯವರು ಎಂದೇ ಬರೆಯುತ್ತೇನೆ.

ಆದೇಶ ಹೊರಟ ದಿನ ಅಕ್ಕ ಸಾಹೇಬರ ಕೋಣೆಗೆ ಹೋದಳು.

"ಆ ಹುದ್ದೆ ನನಗೆ ಅಂದಿದ್ರಿ ಸಾಹೇಬ್ರೇ."

"ಅಂದಿದ್ದೆ ಅಕ್ಕ, ಇಲ್ಲ ಅಂತೀನಾ? ಆದ್ರೆ ಅವರ ಅನುಭವ ನೋಡು. ನಿನಗೆ ಗೋಡೆ ಹತ್ತೋಕ್ಕೆ ಬರತ್ತಾ?"

"ಬಕೆಟ್ ನೀರು ನಾನಲ್ವಾ ಚೆಲ್ತಾ ಇದ್ದಿದ್ದು?"

"ಶ್! ಮೆಲ್ಲಗೆ. ಅದನ್ನ ಜೋರಾಗಿ ಹೇಳಿದ್ರೆ ನನಗಿಂತ ಮುಂಚೆ ನಿನ್ನ ಕೆಲಸ ಹೋಗತ್ತೆ."

ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅವಳನ್ನು ನೋಡಿ ನನಗೆ ಬಹಳ ಕೆಟ್ಟದೆನಿಸಿತು. ಹೋಗಿ ಒಂದು ಮಾತಾಡೋಣವೆಂದುಕೊಂಡೆ, ಆದರೆ ಅದು ಊಟದ ವಿರಾಮವಾಗಿರಲಿಲ್ಲ.

ಹಲ್ಲಿಯವರಿಗೆ ಸೇವಾ ಪುಸ್ತಕ ತೆರೆಯುವ ಜವಾಬ್ದಾರಿ ಮುಖ್ಯ ಗುಮಾಸ್ತರ ಮೇಲೆ ಬಿತ್ತು. ಲಿಂಗ ಎಂಬಲ್ಲಿ, ಹಿಂದಿನ ಎಲ್ಲ ಸಹಾಯಕರೂ ಗಂಡಸರೇ ಆಗಿದ್ದರೆಂಬ ಆಧಾರದ ಮೇಲೆ 'ಗಂಡು' ಎಂದು ಶಾಯಿಯಲ್ಲಿ ಬರೆದರು. ಎತ್ತರ ಅಳೆಯಲು ಸ್ಕೇಲು ಹಿಡಿದು ಏಣಿ ಹತ್ತಿದಾಗ ಹಲ್ಲಿಯವರು ಗಾಬರಿಯಾಗಿ ಬಾಲವನ್ನು ಅಲ್ಲೇ ಬಿಟ್ಟು ಟ್ಯೂಬ್‌ಲೈಟಿನ ಹಿಂದೆ ಹೋದರು. ಬಾಲ ಕೆಳಗೆ ಬಿದ್ದು ಮೇಜಿನ ಮೇಲೆ ಸ್ವಲ್ಪ ಹೊತ್ತು ಕುಣಿಯಿತು. ನೌಕರರ ಒಂದು ಭಾಗ ಕರ್ತವ್ಯದ ಸ್ಥಳವನ್ನು ಅನುಮತಿಯಿಲ್ಲದೆ ತೊರೆದದ್ದೇಕೆ ಎಂದು ವಿವರಣೆ ಕೇಳಲಾಯಿತು. ಹಲ್ಲಿಯವರು ಮೂರು ಸಲ ಲೊಚಗುಟ್ಟಿದರು. ವಿವರಣೆ ಸಮಾಧಾನಕರವಾಗಿದೆ ಎಂದು ನಾನೇ ಟಿಪ್ಪಣಿ ಬರೆದೆ. ಬಾಲವನ್ನು ಲಕೋಟೆಯಲ್ಲಿ ಹಾಕಿ ವೈದ್ಯಕೀಯ ಮಂಡಳಿಗೆ ಕಳಿಸಿದೆವು. ಕೆಲಸಕ್ಕೆ ಅರ್ಹ ಎಂದು ಪ್ರಮಾಣಪತ್ರ ಬಂತು. ಆ ಪ್ರಮಾಣಪತ್ರ ಬಾಲಕ್ಕೆ ಕೊಟ್ಟದ್ದೋ ಉಳಿದವರಿಗೆ ಕೊಟ್ಟದ್ದೋ ಎಂಬುದು ಸ್ಪಷ್ಟವಿರಲಿಲ್ಲ.

ಹುದ್ದೆ ಭರ್ತಿಯಾದ್ದರಿಂದ ಕುರ್ಚಿ ಬಂತು. ಮೆತ್ತನೆಯ ಹಿಂಬದಿಯ, ಕೈಯಿರುವ ಕುರ್ಚಿ. ಅದನ್ನು ಟ್ಯೂಬ್‌ಲೈಟಿನ ನೇರ ಕೆಳಗೆ ಹಾಕಿದೆವು. ಹಲ್ಲಿಯವರು ಅದನ್ನು ಬಳಸಲಿಲ್ಲ. ಅಕ್ಕ ದಿನಾ ಅದರ ಮೇಲಿನ ಹಿಕ್ಕೆ ಒರೆಸುತ್ತಿದ್ದಳು, ಒರೆಸುವಾಗ ಅದರ ಕೈಯನ್ನು ಹಿಡಿದು ಮಂಡಿಗೆ ಸ್ವಲ್ಪ ಆಸರೆ ಪಡೆಯುತ್ತಿದ್ದಳು. ಅಷ್ಟಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ಸಂಬಳವೂ ಬಂತು. ಹಲ್ಲಿಯವರು ಅದನ್ನು ಪಡೆಯಲು ಕೆಳಗೆ ಇಳಿಯದ ಕಾರಣ ಸಾಹೇಬರು ಮತ್ತು ಮುಖ್ಯ ಗುಮಾಸ್ತರು ಅವರ ಪರವಾಗಿ ಪಡೆದು, ಅವರ ಪರವಾಗಿಯೇ ಖರ್ಚು ಮಾಡುವ ಹೊರೆಯನ್ನೂ ಹೊತ್ತರು.

ಅಕ್ಕನಿಗೆ ಒಂದು ಜ್ಞಾಪನ ಹೋಯಿತು. ಅದರ ಒಕ್ಕಣೆ ಹೀಗಿತ್ತು: "ಸೊಳ್ಳೆ ನಿಗ್ರಹವು ಕಾಯಂ ನೌಕರರ ಕರ್ತವ್ಯವಾಗಿದ್ದು, ದಿನಗೂಲಿಯವರು ಬಕೆಟುಗಳನ್ನು ಮುಟ್ಟುವುದು ಅವರ ಕೆಲಸದಲ್ಲಿ ಹಸ್ತಕ್ಷೇಪವೆನಿಸುತ್ತದೆ. ತಕ್ಷಣ ನಿಲ್ಲಿಸತಕ್ಕದ್ದು."

ಅಕ್ಕ ನಿಲ್ಲಿಸಿದಳು. ಬಕೆಟುಗಳಲ್ಲಿ ನೀರು ಹಸಿರಾಯಿತು. ಅದರಲ್ಲಿ ಸಣ್ಣ ಮರಿಗಳು ಕೊಂಕಿಕೊಂಡು ಮೇಲೆ ಕೆಳಗೆ ಆಡತೊಡಗಿದವು, ಆಮೇಲೆ ರೆಕ್ಕೆ ಬಂದು ಹೊರಟವು. ಹಲ್ಲಿಯವರು ಇದ್ದಲ್ಲೇ ಬಾಯಿ ತೆರೆದರೆ ಸಾಕಾಗುತ್ತಿತ್ತು. ನೋಡನೋಡುತ್ತ ಹೊಟ್ಟೆ ಬಂತು, ಹೊಸ ಬಾಲವೂ ಬಂತು. ಮೊದಲು ಎಲ್ಲೋ ಅಪರೂಪಕ್ಕೊಂದು ಸೊಳ್ಳೆ ಹಿಡಿಯುತ್ತಿದ್ದವರು ಈಗ ಬಿಡುವಿಲ್ಲದೆ ಹಿಡಿಯುತ್ತಿದ್ದಾರೆ, ಆದ್ದರಿಂದ ಸೊಳ್ಳೆ ನಿಗ್ರಹ ಅಭೂತಪೂರ್ವ ಪ್ರಗತಿ ಸಾಧಿಸಿದೆ ಎಂದು ವರದಿ ಕಳಿಸಿದೆವು. ವರದಿಯನ್ನು ಟೈಪ್ ಮಾಡುವಾಗ ನಾನು ಒಂದು ಕೈಯಿಂದ ಟೈಪ್ ಮಾಡುತ್ತ ಇನ್ನೊಂದು ಕೈಯಿಂದ ಕಾಲು ಕೆರೆದುಕೊಳ್ಳುತ್ತಿದ್ದೆ. ಸೊಳ್ಳೆಯೇ ಇಲ್ಲದ ಶಾಖೆಗಳಿಗೆ ನೋಟಿಸ್ ಹೋಯಿತು, ನಮಗೆ ಪ್ರಶಸ್ತಿ ಬಂತು. ಪ್ರಶಸ್ತಿ ಫಲಕವನ್ನು ಕುರ್ಚಿಯ ಮೇಲಿಟ್ಟೆವು.

ನಂತರ ಮುಖ್ಯ ಗುಮಾಸ್ತರಿಗೆ ಜ್ವರ ಬಂತು. ಅವರನ್ನು ಬಿಟ್ಟ ಮೇಲೆ ನನಗೆ ಬಂತು. ಕೊನೆಗೆ ಸಾಹೇಬರಿಗೇ ಬಂದಾಗ ವಿಷಯ ಗಂಭೀರವೆಂದು ತೀರ್ಮಾನವಾಯಿತು. ಬಕೆಟ್ ನೀರು ಚೆಲ್ಲಿದರೆ ಹೇಗೆ ಎಂದು ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. ಅದು ಖರ್ಚಿಲ್ಲದ ಉಪಾಯವಾದ್ದರಿಂದ ಅದಕ್ಕೆ ಅನುದಾನ ಕೇಳುವಂತಿರಲಿಲ್ಲ. ಸಾಹೇಬರ ಷಡ್ಡಕರು ಹೊಗೆ ಹಾಕುವ ಯಂತ್ರವೊಂದನ್ನು ಆಗತಾನೇ ಕೊಂಡಿದ್ದರು. ಗುತ್ತಿಗೆಗೆ ಟೆಂಡರ್ ಕರೆದದ್ದು, ತೆರೆದದ್ದು, ಕೊಟ್ಟದ್ದು ಎಲ್ಲ ಒಂದೇ ಊಟದ ಮೇಜಿನ ಮೇಲೆ ಮುಗಿದು, ಮರುದಿನ ಷಡ್ಡಕರು ಯಂತ್ರ ಹೊತ್ತು ಬಂದರು.

"ಎಲ್ಲಾ ಹೊರಗೆ ನಡೀರಿ," ಎಂದರು. "ಒಂದು ನರಪಿಳ್ಳೆ ಒಳಗೆ ಇರಬಾರ್ದು."

"ಮೇಲೆ ಒಬ್ರು ಇದಾರಲ್ಲ," ಎಂದಳು ಅಕ್ಕ.

"ಅವರಿಗೆ ಕೆಲಸದ ವೇಳೇಲಿ ಹೊರಗೆ ಹೋಗೋಕ್ಕೆ ಅನುಮತಿ ಇಲ್ಲ," ಎಂದರು ಮುಖ್ಯ ಗುಮಾಸ್ತರು.

ಹೊಗೆ ಹಾಕಿದರು. ಮೊದಲು ಪತಂಗಗಳು ಉದುರಿದವು, ಆಮೇಲೆ ಇರುವೆ ಸಾಲು ನಿಂತಲ್ಲೇ ನಿಂತಿತು. ಜೇಡ ಬಲೆಯಲ್ಲೇ ಮುದುಡಿಕೊಂಡಿತು. ಜಿರಲೆ ಸಂಸಾರಕ್ಕೆ ಏನೂ ಆಗಲಿಲ್ಲ, ದೂರು ಪೆಟ್ಟಿಗೆಯೊಳಗೆ ಹೊರಗಿನ ಯಾವುದೂ ಹೋಗುವುದಿಲ್ಲ. ಬಕೆಟಿನ ನೀರಲ್ಲಿದ್ದ ಮರಿಗಳಿಗೂ ಏನೂ ಆಗಲಿಲ್ಲ. ನಾವು ಒಳಗೆ ಬಂದಾಗ ಹಲ್ಲಿಯವರು ತಮ್ಮ ಕುರ್ಚಿಯ ಮೇಲೆ, ಪ್ರಶಸ್ತಿ ಫಲಕದ ಪಕ್ಕ, ಅಂಗಾತ ಮಲಗಿದ್ದರು. ಅವರು ಆ ಕುರ್ಚಿಯನ್ನು ಬಳಸಿದ್ದು ಅದೇ ಮೊದಲು.

ಎರಡು ನಿಮಿಷ ಮೌನ ಆಚರಿಸಿದೆವು. ಬಕೆಟಿನಿಂದ ಹೊಸದಾಗಿ ಎದ್ದ ಸೊಳ್ಳೆಗಳನ್ನು ತಡೆಯುವವರು ಯಾರೂ ಇಲ್ಲದ್ದರಿಂದ ಮೌನದ ನಡುವೆ ಅಲ್ಲಲ್ಲಿ ಚಟ್ ಚಟ್ ಎಂದು ಕಪಾಳದ ಮೇಲೆ ಹೊಡೆದುಕೊಳ್ಳುವ ಶಬ್ದ ಬರುತ್ತಿತ್ತು. ದುಃಖ ಬಹಳವಾಗಿದೆ ಎಂದು ದಾರಿಹೋಕರು ಅಂದುಕೊಂಡರು.

ನಿಜವಾದ ದುಃಖ ಸಾಹೇಬರದು. ವರ್ಷದ ಕೊನೆ ಹತ್ತಿರ ಬಂದಿತ್ತು, ಅಷ್ಟರೊಳಗೆ ಭರ್ತಿಯಾಗದ ಹುದ್ದೆ ಹೊಸ ಆದೇಶದಂತೆ ರದ್ದಾಗುತ್ತದೆ. ಹುದ್ದೆ ಹೋದರೆ ಶಾಖೆಯ ಪ್ರಶಸ್ತಿ, ಅನುದಾನ, ಷಡ್ಡಕರ ಗುತ್ತಿಗೆ ಎಲ್ಲಕ್ಕೂ ಎಳ್ಳುನೀರು. ಕರ್ತವ್ಯದಲ್ಲಿದ್ದಾಗ ತೀರಿಕೊಂಡವರ ಕುಟುಂಬದಲ್ಲಿ ಒಬ್ಬರಿಗೆ ಅನುಕಂಪದ ಮೇಲೆ ಅದೇ ಹುದ್ದೆ ಕೊಡುವ ಅವಕಾಶ ಮಾತ್ರ ಉಳಿದಿತ್ತು. ವಾರಸುದಾರರನ್ನು ಹುಡುಕಲು ಮುಖ್ಯ ಗುಮಾಸ್ತರು ಮತ್ತೆ ಏಣಿ ಹತ್ತಿದರು. ಸ್ವಿಚ್ ಬೋರ್ಡಿನ ಹಿಂದೆ ಎರಡು ಬಿಳಿ ಮೊಟ್ಟೆ ಸಿಕ್ಕವು.

"ಮಕ್ಕಳಿದಾರೆ ಸಾರ್!"

"ಹದಿನೆಂಟು ತುಂಬಿದ್ಯಾ?"

"ಇನ್ನೂ ಹುಟ್ಟೇ ಇಲ್ಲ ಸಾರ್. ಇನ್ನೊಂದು ತೊಂದರೆ... ಸೇವಾ ಪುಸ್ತಕದಲ್ಲಿ ಗಂಡು ಅಂತಿದೆ."

"ಶಾಯಿಯಲ್ಲಿ ಬರೆದಿದೀರಾ?"

"ಹೌದು."

"ಹಾಗಾದ್ರೆ ತಂದೆಯೇ ಇಟ್ಟಿದ್ದು. ಮುಂದೆ ಹೇಳಿ."

ಹುಟ್ಟದವರಿಗೆ ಹುದ್ದೆ ಕೊಡುವ ನಿಯಮ ಇರಲಿಲ್ಲ. ಕರ್ತವ್ಯದಲ್ಲಿ ಸಾವು ಸಂಭವಿಸಿದರೆ ಮಹಜರು ಆಗುವವರೆಗೆ ದೇಹ ಮುಟ್ಟುವಂತಿಲ್ಲವಾದ್ದರಿಂದ ತಪಾಸಣಾಧಿಕಾರಿಗಳಿಗೆ ಹೇಳಿಕಳಿಸಿದೆವು. ಅವರು ಬರುವ ಹೊತ್ತಿಗೆ ಇರುವೆಗಳು, ಹೊಗೆಯಿಂದ ದೂರವಿದ್ದ ಬೇರೆ ಯಾವುದೋ ಗೋಡೆಯವು, ಕುರ್ಚಿಯ ಕಾಲು ಹತ್ತತೊಡಗಿದ್ದವು. ಅಕ್ಕ ಪಕ್ಕದಲ್ಲಿ ನಿಂತು ಬಟ್ಟೆಯಿಂದ ಅವನ್ನು ಮೆಲ್ಲಗೆ ಓಡಿಸುತ್ತಿದ್ದಳು. ಕೋಣೆಯಲ್ಲಿ ಹೊಗೆ ಇನ್ನೂ ಉಳಿದಿತ್ತು. ಅವಳ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು. ಅದು ಬರೀ ಹೊಗೆಯ ನೀರಲ್ಲವೆಂದು ನನಗೆ ಈಗಲೂ ಅನಿಸುತ್ತದೆ. ಅವಳಿಗೆ ಉಳಿದಿದ್ದದ್ದು ಇನ್ನು ಕೆಲವೇ ದಿನದ ಕೆಲಸ.

ಅಧಿಕಾರಿಗಳು ಬಾಗಿಲಲ್ಲೇ ನಿಂತರು. "ಪಾಪ," ಎಂದರು. "ಇವರು ಯಾರು?"

ಸಾಹೇಬರು ಎಂದಿನಂತೆ ಗೋಡೆಯ ಕಡೆ ನೋಡಿದರು. ಗೋಡೆಯ ಮೇಲೆ ಯಾರೂ ಇರಲಿಲ್ಲ.

"ಈ ಪಾಟಿ ಅಳ್ತಿದಾರೆ ಅಂದ್ರೆ ಮನೆಯವರೇ ಇರ್ಬೇಕು. ಕಚೇರಿಯವರು ಯಾರೂ ಕಚೇರಿಯವರಿಗೆ ಅಳೋದು ನಾನು ನೋಡಿಲ್ಲ," ಎಂದು ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. "ಮಗಳೇನಮ್ಮಾ?"

ಅಕ್ಕ ತಲೆಯೆತ್ತಿದಳು. ಸಾಹೇಬರನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಮುಚ್ಚಳ ತೆಗೆದ ಪೆನ್ನನ್ನು ನೋಡಿದಳು. ನಮ್ಮ ಪದ್ಧತಿ ಅವಳಿಗೂ ಗೊತ್ತಿತ್ತು. ಶೌಚಾಲಯದ ಬಾಗಿಲು ಮುಚ್ಚಿದ ಮೇಲೆ ಆ ಕಡೆಯ ಕಿಟಕಿ ಹತ್ತಿ ಒಳಗಿಳಿದು ತೊಳೆಯುತ್ತಿದ್ದವಳು ಅವಳೇ ಅಲ್ಲವೇ.

"ಹೌದು ಸಾರ್," ಎಂದಳು. "ಹಿರೇ ಮಗಳು."

ಅಧಿಕಾರಿಗಳು ಬರೆದರು. ಸಾಹೇಬರು ಬಾಯಿ ತೆರೆದರು, ಒಂದು ಸೊಳ್ಳೆ ಒಳಗೆ ಹೋಯಿತು, ಕೆಮ್ಮಿದರು. ಕೆಮ್ಮು ನಿಲ್ಲುವಷ್ಟರಲ್ಲಿ ಶಾಯಿ ಒಣಗಿತ್ತು.

ಆಮೇಲಿನದೆಲ್ಲ ನೀರು ಕುಡಿದಷ್ಟು ಸಲೀಸು. ವಸ್ತುಸ್ಥಿತಿಯನ್ನು ತಿದ್ದುವುದರಲ್ಲಿ ನಮಗಿರುವಷ್ಟು ಅನುಭವ ಯಾರಿಗೂ ಇಲ್ಲ. ಅಕ್ಕನ ಜನನ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಹಲ್ಲಿಯವರು ಬಂದರು. ಹುಟ್ಟಿದ ಸ್ಥಳ: ಸ್ವಿಚ್ ಬೋರ್ಡಿನ ಹಿಂಭಾಗ. ತಂದೆಗಿಂತ ಮಗಳ ವಯಸ್ಸು ಬಹಳ ಹೆಚ್ಚು ಎಂದು ಕೇಂದ್ರ ಕಚೇರಿ ಒಂದು ಆಕ್ಷೇಪ ಎತ್ತಿತು. ಮೃತರು ವಯಸ್ಸಿಗೆ ಮೀರಿದ ಜವಾಬ್ದಾರಿ ಹೊತ್ತಿದ್ದರು ಎಂದು ನಾನು ಉತ್ತರ ಬರೆದೆ, ಆಕ್ಷೇಪ ಹಿಂದಕ್ಕೆ ಹೋಯಿತು. ಕುಟುಂಬದ ಹಿರಿಯರೊಬ್ಬರ ಹೇಳಿಕೆ ಬೇಕಿತ್ತು. ಅಕ್ಕನ ಅತ್ತೆ ಬಂದಳು. ಸೊಸೆ ಹಲ್ಲಿಯ ಮಗಳೆಂಬುದು ನಿಮಗೆ ಗೊತ್ತೇ ಎಂದು ಕೇಳಲಾಯಿತು.

"ಮದುವೆ ಆದ ದಿನದಿಂದ ನಾನು ಹೇಳ್ತಾನೇ ಇದೀನಿ," ಎಂದಳು ಅತ್ತೆ ಸಂತೋಷದಿಂದ. "ನನ್ನ ಮಗ ನಂಬ್ತಿರ್ಲಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ಬೇಕು, ತೋರ್ಸಿ."

ದಿನಗೂಲಿಯವರನ್ನು ಬಿಡಿಸುವ ದಿನದ ಮುನ್ನಾದಿನ ಅಕ್ಕನವರು ಕಾಯಂ ಆದರು. ಬೆಳಿಗ್ಗೆ ಬಂದವರೇ ಮೊದಲು ಬಕೆಟುಗಳ ಹಸಿರು ನೀರು ಚೆಲ್ಲಿ ಹೊಸ ನೀರು ತುಂಬಿದರು. ಈಗ ಅದು ಅವರ ಕರ್ತವ್ಯವಾದ್ದರಿಂದ ಯಾರೂ ತಡೆಯುವಂತಿರಲಿಲ್ಲ. ದಿನ ಕಳೆದಂತೆ ಸೊಳ್ಳೆ ಕಡಿಮೆಯಾಯಿತು, ನಮ್ಮ ಜ್ವರವೂ ಬಿಟ್ಟಿತು. ಷಡ್ಡಕರ ಹೊಗೆ ಗುತ್ತಿಗೆ ಮುಂದುವರಿದಿದೆ, ಆದರೆ ಹೊಗೆ ಈಗ ಕಡತದಲ್ಲಿ ಮಾತ್ರ ಹಾಕುವುದರಿಂದ ಯಾರಿಗೂ ಹಾನಿಯಿಲ್ಲ. ತಪಾಸಣಾಧಿಕಾರಿಗಳು ಮತ್ತೆ ಬಂದು, ಕಾಲು ಚಾಚಿ ಕೂತು, ಕಚ್ಚಿಸಿಕೊಳ್ಳದೆ, ಪುಸ್ತಕದಲ್ಲಿ ಬರೆದರು: "ತಂದೆಯ ಗುಣ ಮಗಳಿಗೆ ಪೂರ್ತಿಯಾಗಿ ಬಂದಿದೆ."

ಕೆಲಸಕ್ಕೆ ಸೇರಿದ ಮೊದಲ ದಿನ ಅಕ್ಕನವರು ಕುರ್ಚಿಯಲ್ಲಿ ಕೂತು ಎರಡೂ ಕಾಲು ಚಾಚಿದರು. ಟೀ ಕೊಟ್ಟು ಪಕ್ಕದಲ್ಲಿ ನಿಂತೆ. ಅದು ವಿರಾಮವಾಗಿರಲಿಲ್ಲ, ಆದರೂ ನಿಂತೆ.

"ನಮ್ಮಪ್ಪಾನೂ ಇದೇ ಇಲಾಖೇಲಿ ಇದ್ದ," ಎಂದರು. "ಚರಂಡಿ ತೆಗೀತಿದ್ದ. ಜೀವಮಾನ ಎಲ್ಲಾ ದಿನಗೂಲಿ. ಚರಂಡೀಲೇ ಸತ್ತ. ಆಗ ಯಾರೂ ಮಹಜರಿಗೆ ಬರ್ಲಿಲ್ಲ, ಯಾರ ಮಗಳು ಅಂತ ನನ್ನನ್ನ ಕೇಳ್ಲಿಲ್ಲ." ಟೀ ಊದಿ ಒಂದು ಗುಟುಕು ಕುಡಿದರು. "ಈ ಅಪ್ಪ ಒಂದು ವರ್ಷಾನೂ ಕೆಲಸ ಮಾಡ್ಲಿಲ್ಲ. ಕುರ್ಚಿ ಕೊಟ್ಟು ಹೋದ."

ಇದನ್ನು ಟಿಪ್ಪಣಿಯಲ್ಲಿ ಸೇರಿಸಬಹುದೇ ಎಂದು ಮೇಲಿನವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಬರುವುದರೊಳಗೆ ಸೇರಿಸಿಬಿಟ್ಟಿದ್ದೇನೆ, ಶಾಯಿಯಲ್ಲಿ.

ಮೊಟ್ಟೆಗಳು ಒಡೆದವು. ಒಂದು ಮರಿ ಕಿಟಕಿಯಿಂದ ಆಚೆ ಹೋಯಿತು, ಇನ್ನೊಂದು ಟ್ಯೂಬ್‌ಲೈಟಿನ ಹಿಂದೆ ನೆಲೆಸಿತು. ಪತಂಗಗಳು ಮರಳಿ ಬಂದಿವೆ, ಇರುವೆ ಸಾಲೂ ಸಕ್ಕರೆ ಡಬ್ಬಿಗೆ ಹಾಜರಾಗಿದೆ. ಮೊನ್ನೆ ಮರಿ ಇಳಿದು ಬಂದು ಸಾಹೇಬರ ಮೇಜಿನ ಮೇಲೆ, ಸಹಿಗೆ ಇಟ್ಟ ಕಡತದ ಮೇಲೆ ಕೂತಿತು. ಸಾಹೇಬರು ಪೆನ್ನು ಕೆಳಗಿಟ್ಟು ಕರೆದರು.

"ಅಕ್ಕನವರೇ, ನಿಮ್ಮ ತಮ್ಮ ಇಲ್ಲಿ ಬಂದಿದಾನೆ ನೋಡಿ."

"ಇರ್ಲಿ ಬಿಡಿ ಸಾರ್," ಎಂದರು ಅಕ್ಕನವರು, ಕುರ್ಚಿಯಿಂದ ಏಳದೆ. "ಇನ್ನೂ ಕೆಲಸ ಸಿಕ್ಕಿಲ್ಲ ಅವನಿಗೆ. ಓಡಾಡ್ಕೊಂಡಿರ್ಲಿ."

ಸಾಹೇಬರು ತಲೆಯಾಡಿಸಿ, ಅವನು ಎದ್ದು ಹೋಗುವವರೆಗೆ ಸಹಿ ಹಾಕದೆ ಕಾದರು. ಅವನಿಗೆ ಹದಿನೆಂಟು ತುಂಬಲಿ ಎಂದು ನಾವೆಲ್ಲರೂ ಕಾಯುತ್ತಿದ್ದೇವೆ. ಮುಂದಿನ ವರ್ಷ ಮುಖ್ಯ ಗುಮಾಸ್ತರು ನಿವೃತ್ತರಾಗುತ್ತಾರೆ, ಅವರ ಕುರ್ಚಿ ಖಾಲಿಯಾಗುತ್ತದೆ.